ಸರ್ವರ್ ಎಂಬ ವಠಾರ

ಕ್ಯಾಲಿಫೋರ್ನಿಯಾದ ಹಾರ್ವೇ ಮಡ್ ಕಾಲೇಜಿನಲ್ಲಿ 1990ರ ದಶಕದ ನಡುವಿನಲ್ಲಿ ಓದುತ್ತಿದ್ದ ಡಲ್ಲಾಸ್ ಬೆಥೂನ್, ಜಾಶ್ ಜೋನ್ಸ್, ಮೈಕೆಲ್ ರೋಡ್ರಿಗೆಜ್, ಸೇಜ್ ವೈಲ್ ಎಂಬ ನಾಲ್ವರು ಸೇರಿ ಒಂದು ಕಂಪನಿ ಕಟ್ಟಿದರು. 1997ರಲ್ಲಿ ಅವರು ಕಂಡವರ ವೆಬ್‌ಸೈಟುಗಳಿಗೆ ಜಾಗ ಬಾಡಿಗೆಗೆ ಕೊಡಲು ಹೊರಟಾಗ ಕೈಯಲ್ಲಿದ್ದದ್ದು ಪೆಂಟಿಯಂ 100 ಚಿಪ್ಪಿನ ಒಂದು ಕಂಪ್ಯೂಟರು, ಪುಕ್ಕಟೆ ಸಿಗುತ್ತಿದ್ದ ಅಪಾಚೆ ತಂತ್ರಾಂಶ ಮತ್ತು ಎರವಲು ತಂದ ಇಂಟರ್ನೆಟ್ ಸಂಪರ್ಕ. ಡ್ರೀಮ್‌ಹೋಸ್ಟ್ ಶುರುವಾದದ್ದು ಹೀಗೆ. ಮರುವರ್ಷ ಮುಂಬೈಯಲ್ಲಿ ಭವಿನ್ ಮತ್ತು ದಿವ್ಯಾಂಕ್ ತುರಖಿಯಾ ಎಂಬ ಅಣ್ಣತಮ್ಮಂದಿರು ಅಪ್ಪನಿಂದ 25,000 ರೂಪಾಯಿ ಸಾಲ ಪಡೆದು, ಡೈರೆಕ್ಟಿ ಎಂಬ ಹೆಸರಿಟ್ಟು, ಇದೇ ವ್ಯಾಪಾರಕ್ಕೆ ಇಳಿದರು. ಅಣ್ಣನಿಗೆ ಆಗ 18, ತಮ್ಮನಿಗೆ 16.

ಮೀಸೆ ಚಿಗುರುವ ವಯಸ್ಸಿನವರಿಗೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ಕಸುಬು ಕೈಗೆಟುಕಿದ್ದು ಹೇಗೆ? ಜಾಣ ಹುಡುಗರು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಜಾಣ ಹುಡುಗರು ಅದಕ್ಕೆ ಮೊದಲೂ ಇದ್ದರು. ಹೊಸದಾಗಿ ಬಂದದ್ದು ತಾಂತ್ರಿಕ ನಿಯಮಾವಳಿಯ ಒಂದು ಸಾಲು.

ಮೊದಲ ಕಾಲದ ಬ್ರೌಸರುಗಳು ಸರ್ವರ್‌ನ ಹತ್ತಿರ ಹೋಗಿ 'ಇಂಥ ಪುಟ ಕೊಡು' ಎಂದಷ್ಟೇ ಕೇಳುತ್ತಿದ್ದವು. ಯಾವ ಸೈಟಿನ ಪುಟ ಎಂದು ಹೇಳುತ್ತಿರಲಿಲ್ಲ. ಕೋರಿಕೆ ಯಾವ ಐಪಿ ವಿಳಾಸಕ್ಕೆ ಬಂತು ಎಂಬುದನ್ನು ನೋಡಿಯೇ ಸರ್ವರ್ ಅದನ್ನು ತಿಳಿದುಕೊಳ್ಳಬೇಕಿತ್ತು. ಹಾಗಾಗಿ ಒಂದೊಂದು ಡೊಮೇನಿಗೂ ಒಂದೊಂದು ವಿಳಾಸ ಬೇಕು. ವಠಾರದಲ್ಲಿ ಬೆಳೆದವರಿಗೆ ಇದರ ಪೇಚು ತಕ್ಷಣ ಹೊಳೆದೀತು. ಹೊರಬಾಗಿಲು ಒಂದು, ಒಳಗೆ ಹತ್ತು ಸಂಸಾರ. ಬಂದವರು ಯಾರ ಮನೆಗೆ ಬಂದೆವೆಂದು ಬಾಯಿಬಿಟ್ಟು ಹೇಳದಿದ್ದರೆ ಒಂದೊಂದು ಸಂಸಾರಕ್ಕೂ ರಸ್ತೆಯ ಕಡೆಗೆ ಬೇರೆ ಬಾಗಿಲು ಒಡೆಸಬೇಕು. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ 'ಹೋಸ್ಟ್' ಎಂಬ ಸಾಲನ್ನು ಕಡ್ಡಾಯ ಮಾಡಿತು. ಬ್ರೌಸರು ಇನ್ನು ಸೈಟಿನ ಹೆಸರು ಹೇಳಿಯೇ ಪುಟ ಕೇಳಬೇಕು. ನೆಟ್‌ಸ್ಕೇಪ್ ಬ್ರೌಸರು ಅದಕ್ಕೂ ಮುಂಚಿನಿಂದಲೇ ಹೇಳುತ್ತಿತ್ತು, ನಿಯಮ ಬಂದ ಮೇಲೆ ಎಲ್ಲರಿಗೂ ರೂಢಿಯಾಯಿತು. ಒಂದು ಯಂತ್ರ, ಒಂದು ವಿಳಾಸ, ಅದರೊಳಗೆ ನೂರಾರು ಸೈಟು. ಶೇರ್ಡ್ ಹೋಸ್ಟಿಂಗ್ ಎಂಬ ಅಗ್ಗದ ಸರಕಿಗೆ ದಾರಿ ತೆರೆದದ್ದು ಹೀಗೆ.

ಬಾಡಿಗೆದಾರರನ್ನು ನಿಭಾಯಿಸುವ ಕಷ್ಟ ಹಾಗೇ ಉಳಿದಿತ್ತು. ಇಮೇಲ್ ಖಾತೆ ತೆರೆಯಲಿ, ಪಾಸ್‌ವರ್ಡ್ ಬದಲಿಸಲಿ, ಯುನಿಕ್ಸ್ ಬಲ್ಲವನೊಬ್ಬ ಕಪ್ಪು ಪರದೆಯ ಮುಂದೆ ಕುಳಿತು ಆಜ್ಞೆ ಟೈಪಿಸಬೇಕು. ಸ್ಪೀಡ್ ಹೋಸ್ಟಿಂಗ್ ಎಂಬ ಸಣ್ಣ ಕಂಪನಿಯಲ್ಲಿ ಪಾಲಿದ್ದ ನಿಕ್ ಕೋಸ್ಟನ್ ಈ ಕೆಲಸವನ್ನು ಗ್ರಾಹಕರ ಕೈಗೇ ದಾಟಿಸಲು 1996ರಲ್ಲಿ ಸಿಪ್ಯಾನೆಲ್ ಎಂಬ ತಂತ್ರಾಂಶ ಬರೆದ. ಸ್ಪೀಡ್ ಹೋಸ್ಟಿಂಗ್ ಯಾವತ್ತೋ ಅಳಿಸಿಹೋಯಿತು, ಸಿಪ್ಯಾನೆಲ್ ಇವತ್ತಿಗೂ ಈ ಕಸುಬಿನ ದಿನಬಳಕೆಯ ಸಲಕರಣೆ. ನಿಭಾಯಿಸುವ ಕೆಲಸ ಹೀಗೆ ಹಗುರವಾದ ಮೇಲೆ ಸಗಟಾಗಿ ಜಾಗ ಕೊಂಡು ಚಿಲ್ಲರೆಯಾಗಿ ಮಾರುವ ರೀಸೆಲ್ಲರ್ ಎಂಬ ವರ್ಗವೇ ಹುಟ್ಟಿಕೊಂಡಿತು.

ಲಾಭ ಎಲ್ಲಿಂದ ಬರುತ್ತಿತ್ತು ಎಂದರೆ, ಜನ ದುಡ್ಡು ಕೊಟ್ಟೂ ಬಳಸದೆ ಬಿಟ್ಟ ಜಾಗದಿಂದ. ನೂರು ಗ್ರಾಹಕರಿಗೆ ತಲಾ ಹತ್ತು ಜಿಬಿ ಮಾರಿದವನ ಹತ್ತಿರ ಸಾವಿರ ಜಿಬಿ ಇರಬೇಕೆಂದೇನೂ ಇಲ್ಲ. ಬಹುಪಾಲು ಸೈಟುಗಳು ನಾಲ್ಕು ಪುಟ, ಹತ್ತು ಚಿತ್ರ ಹಾಕಿಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತವೆ. ಇದಕ್ಕೆ ಓವರ್‌ಸೆಲ್ಲಿಂಗ್ ಎನ್ನುತ್ತಾರೆ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಡ್ರೀಮ್‌ಹೋಸ್ಟ್‌ನ ಜಾಶ್ ಜೋನ್ಸ್ ಮಾತ್ರ 2006ರಲ್ಲಿ ಹೌದು, ನಾವೂ ಮಾಡುತ್ತೇವೆ ಎಂದು ಬಹಿರಂಗವಾಗಿ ಬರೆದು ಅದರ ಲೆಕ್ಕವನ್ನೂ ವಿವರಿಸಿದ. ನನಗೆ ಅದರಲ್ಲಿ ಮೋಸ ಕಾಣುವುದಿಲ್ಲ. ಜಾಗವನ್ನು ಹೀಗೆ ಹೆಚ್ಚುವರಿಯಾಗಿ ಮಾರಬಹುದು, ಸೈಟು ನಿಂತುಹೋದ ರಾತ್ರಿ ಫೋನ್ ಎತ್ತುವ ಮನುಷ್ಯನನ್ನು ಹಾಗೆ ಮಾರಲಾಗುವುದಿಲ್ಲ. ಹೊಸಬರು ಸರ್ವರ್‌ನ ಬಾಡಿಗೆಯನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುತ್ತಾರೆ, ತಮ್ಮ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರ ಕೊನೆಯಲ್ಲಿ. ತುರಖಿಯಾ ಸೋದರರು ಹೋಸ್ಟಿಂಗ್ ಮಾರುತ್ತಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮಂತೆಯೇ ಮಾರಲು ಹೊರಟವರಿಗೆ ಬೇಕಾದ ಡೊಮೇನು, ಬಿಲ್ಲಿಂಗು, ನಿಯಂತ್ರಣ ಫಲಕಗಳನ್ನು ಒದಗಿಸುವ ರೀಸೆಲ್ಲರ್‌ಕ್ಲಬ್ ಕಟ್ಟಿದರು. ಹೋಸ್ಟಿಂಗ್ ವಿಭಾಗಗಳೆಲ್ಲ 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಕಂಪನಿಯ ಪಾಲಾದವು. ಈ ನಡುವೆ ದೇಶದ್ದೇ ಆದ ಡಾಟ್ ಇನ್ ಹೆಸರು ಬಹುಕಾಲ ಬಿಗಿ ನಿಯಮಗಳಲ್ಲಿ ಸಿಕ್ಕಿಕೊಂಡಿತ್ತು. 1992ರಿಂದ 2004ರವರೆಗೆ ನೋಂದಣಿಯಾದವು ಸುಮಾರು 7,000 ಮಾತ್ರ. 2005ರಲ್ಲಿ ನಿಯಮ ಸಡಿಲಿಸಿ ಎಲ್ಲರಿಗೂ ಮುಕ್ತ ಮಾಡಿದ ಮೇಲೆ ಊರೂರಿನ ವೆಬ್ ಡಿಸೈನ್ ಅಂಗಡಿಗಳಿಗೂ ಹೇಳಿಕೊಳ್ಳಲು ಒಂದು ದೇಸಿ ಸರಕು ಸಿಕ್ಕಿತು. ಸೈಟು ಮಾಡಿಕೊಡುವವರೇ 'ಹೋಸ್ಟಿಂಗೂ ನಮ್ಮದೇ ಸಾರ್' ಎಂದು ವರ್ಷದ ಬಿಲ್ಲಿಗೆ ಸೇರಿಸಿಬಿಡುವ ಪದ್ಧತಿ ನಮ್ಮ ಕಡೆ ಬೆಳೆದದ್ದು ಹೀಗೆ.

ಕನ್ನಡದ ಸೈಟುಗಳಿಗೆ ಈ ವಠಾರದಲ್ಲಿ ಒಂದು ವಿಚಿತ್ರ ಕಾಟವಿತ್ತು. ಅಗ್ಗದ ಹೋಸ್ಟಿಂಗ್‌ನಲ್ಲಿ ಲೇಖನಗಳು ಕೂರುತ್ತಿದ್ದ ಮೈಎಸ್‌ಕ್ಯುಎಲ್ ದತ್ತಾಂಶ ಕೋಶ ಹುಟ್ಟಿದ್ದು ಸ್ವೀಡನ್‌ನಲ್ಲಿ. ನಾವಾಗಿ ಬದಲಿಸದಿದ್ದರೆ ಅದು ಎಲ್ಲವನ್ನೂ ಲ್ಯಾಟಿನ್ ಲಿಪಿ ಎಂದು ಭಾವಿಸಿ, ಸ್ವೀಡಿಷ್ ಅಕಾರಾದಿಯಲ್ಲಿ ಜೋಡಿಸಲು ಹೊರಡುತ್ತಿತ್ತು. ಕನ್ನಡದ ಕತೆ, ಕವನಗಳು ವರ್ಷಗಟ್ಟಲೆ ಸ್ವೀಡಿಷ್ ವೇಷದಲ್ಲಿ ಬದುಕಿದವು. ಓದುಗರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಹಾಕಿದ ವೇಷದಲ್ಲೇ ಹೊರಗೆ ತೆಗೆದರೆ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಹೋಸ್ಟ್ ಬದಲಿಸಿದ ದಿನ ಬಣ್ಣ ಬಯಲಾಗುತ್ತಿತ್ತು. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು, ಇಲ್ಲವೇ ಯಾವ ಭಾಷೆಯದೂ ಅಲ್ಲದ ಗೋಜಲು. ಗೋಜಲಾದರೆ ಬಿಡಿಸಿ ಸರಿಮಾಡಬಹುದು. ಪ್ರಶ್ನಾರ್ಥಕ ಚಿಹ್ನೆಯಾಗಿಯೇ ದಾಖಲಾಗಿದ್ದರೆ ಅಕ್ಷರ ಹೋಯಿತೆಂದೇ ಲೆಕ್ಕ. ಮೈಎಸ್‌ಕ್ಯುಎಲ್ ತಾನಾಗಿಯೇ ಯುನಿಕೋಡ್ ಹಿಡಿದದ್ದು 2018ರಲ್ಲಿ ಬಂದ 8.0 ಆವೃತ್ತಿಯಿಂದ. ಕನ್ನಡದ ಗ್ರಾಹಕರನ್ನು ನೆಚ್ಚಿಕೊಂಡು ಅಂಗಡಿ ತೆರೆಯುವವರು ಹಳೆಯ ಸೈಟುಗಳನ್ನು ಬರಮಾಡಿಕೊಳ್ಳುವ ಮುನ್ನ ಅವುಗಳ ಅಕ್ಷರ ಯಾವ ವೇಷದಲ್ಲಿದೆ ಎಂದು ಪರೀಕ್ಷಿಸಲೇಬೇಕು.

ಹೆಸರು ಹೇಳಿ ಒಳಬರುವ ಹಳೆಯ ತೊಡಕು ಎಚ್‌ಟಿಟಿಪಿಎಸ್ ಕಾಲದಲ್ಲಿ ಮತ್ತೆ ತಲೆಯೆತ್ತಿತು. ಗುಪ್ತ ಸಂಭಾಷಣೆ ಶುರುವಾಗುವ ಮೊದಲೇ ಸರ್ವರ್ ಪ್ರಮಾಣಪತ್ರ ತೋರಿಸಬೇಕು, ಯಾವ ಸೈಟಿನದ್ದು ಎಂದು ಅದಕ್ಕೆ ತಿಳಿಯದು. ಪರಿಹಾರ 2003ರಲ್ಲೇ ಕಾಗದದ ಮೇಲೆ ಸಿದ್ಧವಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಅರ್ಥವಾಗದ ಕಾರಣ ಎಕ್ಸ್‌ಪಿ ಮರೆಯಾಗುವವರೆಗೆ ಕಾಯಬೇಕಾಯಿತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿದಾಗ, ಅವನ್ನು ಮಾರಿ ಸಣ್ಣ ಹೋಸ್ಟ್‌ಗಳು ಗಳಿಸುತ್ತಿದ್ದ ಒಂದು ಪಕ್ಕದ ಆದಾಯ ಕರಗಿಹೋಯಿತು.

ಇನ್ನೊಂದು ಪೆಟ್ಟು ಬಿದ್ದದ್ದು 2019ರ ಜೂನ್‌ನಲ್ಲಿ. ಅದುವರೆಗೆ ಒಂದು ಸರ್ವರಿಗೆ ಇಷ್ಟು ಎಂದು ಶುಲ್ಕ ಕಟ್ಟಿದರೆ ಸಿಪ್ಯಾನೆಲ್‌ನಲ್ಲಿ ಎಷ್ಟು ಖಾತೆ ಬೇಕಾದರೂ ತೆರೆಯಬಹುದಿತ್ತು. ಹೊಸ ದರಪಟ್ಟಿಯಲ್ಲಿ 100 ಖಾತೆಗಳವರೆಗೆ ತಿಂಗಳಿಗೆ 45 ಡಾಲರ್, ಆಮೇಲೆ ಪ್ರತಿ ಖಾತೆಗೆ 20 ಸೆಂಟ್. ಸಾವಿರ ಖಾತೆ ಇಟ್ಟುಕೊಂಡವನಿಗೆ ತಿಂಗಳಿಗೆ 225 ಡಾಲರ್. ಸುಮ್ಮನಿರುವ ಸೈಟುಗಳನ್ನು ನಂಬಿ ನಡೆಯುತ್ತಿದ್ದ ವ್ಯಾಪಾರದಲ್ಲಿ ಸುಮ್ಮನಿದ್ದ ಸೈಟಿಗೂ ಕಂದಾಯ ಬಿತ್ತು.

ಇಷ್ಟಾದರೂ ಈ ಅಂಗಡಿ ತೆರೆಯುವುದು ಈಗ ಹಿಂದೆಂದಿಗಿಂತ ಸುಲಭ. ಯಂತ್ರ ಕೊಳ್ಳಬೇಕಾಗಿಲ್ಲ. ಅಮೆಜಾನ್ ತನ್ನ ಮುಂಬೈ ಕೇಂದ್ರವನ್ನೂ, ಡಿಜಿಟಲ್ ಓಷನ್ ತನ್ನ ಬೆಂಗಳೂರು ಕೇಂದ್ರವನ್ನೂ ಆರಂಭಿಸಿದ್ದು 2016ರಲ್ಲಿ. ಗಂಟೆಯ ಲೆಕ್ಕದಲ್ಲಿ ಸರ್ವರ್ ಬಾಡಿಗೆಗೆ ಸಿಗುತ್ತದೆ. ಶೇಕಡ 18ರ ಜಿಎಸ್‌ಟಿ ಸೇರಿಸಿ ರೂಪಾಯಿಯಲ್ಲಿ ಬಿಲ್ಲು ಕೊಟ್ಟು, ಕನ್ನಡದಲ್ಲಿ ಫೋನಿನಲ್ಲಿ ಮಾತಾಡುವವರಿಗೆ ಜಾಗ ಇನ್ನೂ ಇದೆ. ತಲೆನೋವು ಬೇರೆ ಕಡೆ ಕಾದಿರುತ್ತದೆ, ಅದರಲ್ಲೂ ಇಮೇಲ್‌ನಲ್ಲಿ. ಒಬ್ಬ ಗ್ರಾಹಕ ಹಳೆಯ ವರ್ಡ್‌ಪ್ರೆಸ್ ಪ್ಲಗಿನ್ ಒಂದನ್ನು ನವೀಕರಿಸದೆ ಬಿಟ್ಟಿರುತ್ತಾನೆ. ಅದರ ಸಂದಿಯಲ್ಲಿ ಕಳ್ಳರು ನುಗ್ಗಿ ಸಾವಿರಗಟ್ಟಲೆ ಸ್ಪ್ಯಾಮ್ ಕಳಿಸುತ್ತಾರೆ. ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಸೇರುವುದು ಆ ಸೈಟಲ್ಲ, ಇಡೀ ಐಪಿ ವಿಳಾಸ. ಪಕ್ಕದ ಚಾರ್ಟರ್ಡ್ ಅಕೌಂಟೆಂಟ್ ಕಳಿಸಿದ ಪತ್ರ ಅವರ ಕಕ್ಷಿದಾರರಿಗೆ ತಲುಪುವುದಿಲ್ಲ, ಬೈಗುಳ ಬರುವುದು ಹೋಸ್ಟ್‌ಗೆ. ಅನುಭವಿಗಳು ಮೇಲ್ ಹೊರಹೋಗುವ ದಾರಿಯನ್ನು ಸೈಟುಗಳಿಂದ ಬೇರೆ ಮಾಡಿ, ಗಂಟೆಗೆ ಇಷ್ಟೇ ಪತ್ರ ಎಂಬ ಮಿತಿ ಹಾಕಿಟ್ಟಿರುತ್ತಾರೆ.

ಬಿಲ್ಲಿಂಗ್ ಕೂಡ ಹಗುರವಾಗಿ ನೋಡುವ ವಿಷಯವಲ್ಲ. 2008ರ ಜನವರಿಯಲ್ಲಿ ಹಳೆಯ ಬಾಕಿ ವಸೂಲಿಗೆ ದಿನಾಂಕ ಟೈಪಿಸುವಾಗ ಡ್ರೀಮ್‌ಹೋಸ್ಟ್‌ನ ಅದೇ ಜಾಶ್ ಜೋನ್ಸ್ 2007ರ ಡಿಸೆಂಬರ್ 31ರ ಬದಲು 2008ರ ಡಿಸೆಂಬರ್ 31 ಎಂದು ಒತ್ತಿದ. ತಂತ್ರಾಂಶ ವಿಧೇಯವಾಗಿ ಇನ್ನೂ ಬಾರದ ವರ್ಷದ ಬಾಡಿಗೆಯನ್ನೆಲ್ಲ ಗ್ರಾಹಕರ ಮೇಲೆ ಹಾಕಿತು. ಒಟ್ಟು ಸುಮಾರು 75 ಲಕ್ಷ ಡಾಲರ್. ಎಲ್ಲವನ್ನೂ ಹಿಂದಿರುಗಿಸಬೇಕಾಯಿತು.

ಬ್ಯಾಕಪ್ ವಿಚಾರಕ್ಕೆ ಒಂದು ಬೆಂಕಿಯ ಉದಾಹರಣೆ ಸಾಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಪ್ರತಿಗಳೂ ಅದೇ ಕಟ್ಟಡದಲ್ಲಿದ್ದ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ಇನ್ನು ನಮ್ಮಲ್ಲಿ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ವರ್ಚುವಲ್ ಸರ್ವರ್ ಮಾರುವವರು ಗ್ರಾಹಕರ ಖಚಿತ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಸೈಬರ್ ದಾಳಿಯಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಒಬ್ಬನೇ ನಡೆಸುವ ಅಂಗಡಿಗೆ ಆರು ಗಂಟೆ ಎಂದರೆ ಒಂದು ನಿದ್ದೆ.

ಅಂಗಡಿ ತೆರೆಯುವವರು ಮುಚ್ಚುವ ಯೋಜನೆಯನ್ನೂ ಆಗಲೇ ಬರೆದಿಡುವುದು ಒಳ್ಳೆಯದು. ಎಷ್ಟೋ ಸಂಘ, ಶಾಲೆ, ಸಣ್ಣ ಪತ್ರಿಕೆಗಳ ಡೊಮೇನು ನೋಂದಣಿಯಾಗಿರುವುದು ಹೋಸ್ಟಿಂಗ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ, ಅವನದೇ ಇಮೇಲ್‌ಗೆ. ಅವನು ಬೇರೆ ಕೆಲಸ ಹಿಡಿದು ಹೋದರೆ ನವೀಕರಣದ ನೆನಪೋಲೆಗಳೂ ಅವನ ಹಿಂದೆಯೇ ಹೋಗುತ್ತವೆ. ಡಾಟ್ ಕಾಮ್ ಆದರೆ ನಿಯಮದಂತೆ ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳ ಮುಂಚೆ ಒಂದು, ಒಂದು ವಾರದ ಮುಂಚೆ ಇನ್ನೊಂದು ಪತ್ರ ಬರುತ್ತದೆ. ಗ್ರಾಹಕರ ಹೆಸರಲ್ಲೇ ನೋಂದಾಯಿಸಿದರೂ ಸಂಪರ್ಕಕ್ಕೆ ಅದೇ ಡೊಮೇನಿನ ಇಮೇಲ್ ಕೊಟ್ಟಿದ್ದರೆ, ಅವಧಿ ಮುಗಿದ ಮೇಲೆ ಬರುವ ಎಚ್ಚರಿಕೆ ಸೇರಲು ಪೆಟ್ಟಿಗೆಯೇ ಇರುವುದಿಲ್ಲ. ನೋಂದಣಿ ಗ್ರಾಹಕರ ಹೆಸರಿನಲ್ಲಿರಲಿ, ಇಮೇಲ್ ಬೇರೆ ಕಡೆಯದಿರಲಿ, ವರ್ಗಾವಣೆಯ ಕೋಡ್ ಕೇಳಿದ ದಿನವೇ ಕೊಡುತ್ತೇವೆಂದು ಒಪ್ಪಂದದಲ್ಲಿ ಬರೆದಿರಲಿ. ನಂಬಿಕೆ ಗಳಿಸಲು ಹೊಸ ಹೋಸ್ಟ್ ಒಬ್ಬನಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.