ಜಪಾನೀ ಭಾಷೆಯ ಮೊದಲ ಪಾಠಗಳೂ ನಮ್ಮ ಕನ್ನಡವೂ

ಮೂಡಲಗಿಯ ಕಡೆಯ ಪಾಲಕರೊಬ್ಬರು ಒಂದು ದಿನ ನಮ್ಮಲ್ಲಿಗೆ ಬಂದು, "ಬಾಯಿಯವರೇ, ದಾದಿಯ ಶಿಕ್ಷಣ ಮುಗಿಸಿದ ನಮ್ಮ ಮಗಳು ವೃದ್ಧರ ಶುಶ್ರೂಷೆಗಾಗಿ ಜಪಾನಕ್ಕೆ ಹೋಗಬೇಕೆನ್ನುತ್ತಾಳೆ. ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಆ ಭಾಷೆ ಬಂದೀತೇ? ಮೊದಲು ಇಂಗ್ಲಿಷು ಗಟ್ಟಿಯಾಗಲೆಂದು ಎಲ್ಲರೂ ಹೇಳುತ್ತಾರೆ" ಎಂದು ಚಿಂತೆಯಿಂದ ಕೇಳಿದರು. 2021ರ ಜನವರಿಯಲ್ಲಿ ಭಾರತ ಜಪಾನಗಳು ಕುಶಲ ಕೆಲಸಗಾರರ ವಿಷಯವಾಗಿ ಒಡಂಬಡಿಕೆ ಮಾಡಿಕೊಂಡಿರುವದರಿಂದ ಈ ಪ್ರಶ್ನೆಯು ಇನ್ನೂ ಹಲವು ಮನೆಗಳಲ್ಲಿ ಏಳಬಹುದು. ಆದುದರಿಂದ ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುವೆವು.

ಮೊದಲು ವಾಕ್ಯರಚನೆಯನ್ನು ನೋಡೋಣ. "ವತಶಿ ವ ಮಿಝು ಒ ನೊಮಿಮಸ್" ಎಂದರೆ "ನಾನು ನೀರನ್ನು ಕುಡಿಯುತ್ತೇನೆ." ವತಶಿ ಎಂದರೆ ನಾನು, ಮಿಝು ಎಂದರೆ ನೀರು, ನೊಮಿಮಸ್ ಎಂದರೆ ಕುಡಿಯುವದು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಕ್ರಮವು ನಮ್ಮದೇ. ಇಂಗ್ಲಿಷಿನಲ್ಲಾದರೋ ಕ್ರಿಯಾಪದವು ನಡುವೆ ಬರುವದು. "ವ" ಎಂಬುದು ನಮ್ಮ "ನಾನಾದರೋ" ಎಂಬಲ್ಲಿಯ "ಆದರೋ" ಇದ್ದಂತೆ. "ಒ" ಎಂಬುದು "ಅನ್ನು" ಪ್ರತ್ಯಯದ ಕೆಲಸ ಮಾಡುವದು.

ಉಳಿದ ವಿಭಕ್ತಿಗಳೂ ಹೀಗೆಯೇ ಪದದ ಹಿಂದೆ ಬರುವವು. "ಹುಕ್ಕೇರಿ ನಿ ಇಕಿಮಸ್" ಎಂದರೆ ಹುಕ್ಕೇರಿಗೆ ಹೋಗುತ್ತೇನೆ. "ಮೂಡಲಗಿ ಕರ ಕಿಮಶ್ತ" ಎಂದರೆ ಮೂಡಲಗಿಯಿಂದ ಬಂದೆನು. "ಗೋಕಾಕ ನೊ ತಕಿ" ಎಂದರೆ ಗೋಕಾಕದ ಜಲಪಾತ. ವಾಕ್ಯದ ಕೊನೆಗೆ "ಕ" ಸೇರಿಸಿದರೆ ಪ್ರಶ್ನೆಯಾಗುವದು, ನಾವು "ಹೋಗುತ್ತೀರಾ" ಎನ್ನುವಂತೆ. ಕ್ರಿಯಾಪದಕ್ಕೆ ಪುರುಷ, ಲಿಂಗ, ವಚನಗಳ ಭೇದವೇ ಇಲ್ಲ. ಕುಡಿಯುತ್ತಾನೆ, ಕುಡಿಯುತ್ತಾಳೆ, ಕುಡಿಯುತ್ತಾರೆ ಎಲ್ಲಕ್ಕೂ ನೊಮಿಮಸ್ ಒಂದೇ ಸಾಕು.

ಇನ್ನೂ ಸೋಜಿಗದ ಸಂಗತಿಯೊಂದುಂಟು. "ತಬೆತೆ" ಎಂದರೆ ತಿಂದು, "ಮಿಮಸ್" ಎಂದರೆ ನೋಡುತ್ತೇನೆ. "ಕರದಂಟು ಒ ತಬೆತೆ ಮಿಮಸ್" ಎಂದರೆ "ಕರದಂಟನ್ನು ತಿಂದು ನೋಡುತ್ತೇನೆ." ರುಚಿಯನ್ನು ಕಣ್ಣಿನಿಂದ ನೋಡುವವರು ನಾವಷ್ಟೇ ಅಲ್ಲವೆಂದಾಯಿತು!

ಉಚ್ಚಾರದಲ್ಲಿಯೂ ಕನ್ನಡವು ನೆರವಾಗುವದು. "ಒಬಸನ್" ಎಂದರೆ ಅತ್ತೆ ಅಥವಾ ಚಿಕ್ಕಮ್ಮ, "ಒಬಾಸನ್" ಎಂದರೆ ಅಜ್ಜಿ. "ಕಿತೆ" ಎಂದರೆ ಬಂದು, "ಕಿತ್ತೆ" ಎಂದರೆ ಅಂಚೆಯ ಚೀಟಿ. ಕತೆಯನ್ನೂ ಕತ್ತೆಯನ್ನೂ ಬೇರ್ಪಡಿಸಬಲ್ಲ ಮಗುವಿಗೆ ಇದು ಕಷ್ಟವೇ? ಎ ಏ, ಒ ಓ ಎಂಬ ಹ್ರಸ್ವದೀರ್ಘಗಳನ್ನು ಆ ಭಾಷೆಯೂ ಎಣಿಸುವದು. ಇವನ್ನು ಗುರುತಿಸಲು ನಮ್ಮ ಲಿಪಿಯಲ್ಲಿ ಬೇರೆ ಬೇರೆ ಅಕ್ಷರಗಳಿವೆ, ಮರಾಠಿಯ ಲಿಪಿಯಲ್ಲಿ ಇಲ್ಲ. ಅವರ ಅಕ್ಷರಮಾಲೆಯ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮಕ್ಕೆ ಬೌದ್ಧ ಭಿಕ್ಷುಗಳ ಸಂಸ್ಕೃತಾಕ್ಷರಾಭ್ಯಾಸವೇ ಮೂಲವೆಂದು ಪಂಡಿತರು ಹೇಳುವರು.

ಗೌರವದ ರೀತಿಯೂ ಪರಿಚಿತವೇ. ಇತರರ ಹೆಸರಿಗೆ "ಸನ್" ಸೇರಿಸುವದು, ನಾವು "ಅವರು" ಸೇರಿಸುವಂತೆ. ತನ್ನ ಹೆಸರಿಗೆ ತಾನೇ ಸೇರಿಸಿಕೊಳ್ಳಲಾಗದು.

ಇಷ್ಟರಿಂದ ಎರಡೂ ಒಂದೇ ಕುಲದ ಭಾಷೆಗಳೆಂದು ಯಾರೂ ತಿಳಿಯಬಾರದು. ತಮಿಳಿಗೂ ಜಪಾನಿಗೂ ನಂಟುಂಟೆಂದು ಸುಸುಮು ಓನೊ ಎಂಬ ಪಂಡಿತರು ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನೊಪ್ಪಲಿಲ್ಲ. ಕೊರಿಯನ್, ತುರ್ಕಿ ಭಾಷೆಗಳಲ್ಲಿಯೂ ಕ್ರಿಯಾಪದವು ಕೊನೆಗೇ ಬರುವದು.

ಕಠಿಣವಾದ ಭಾಗವನ್ನೂ ಮುಚ್ಚಿಡಲಾರೆವು. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ದಿನಕ್ಕೆ ಐದರಂತೆ ತಿದ್ದಿದರೆ ಮೂರು ವಾರಗಳೊಳಗೆ ಎರಡೂ ಕೈಗೆ ಹತ್ತುವವು. ಆದರೆ ಚೀನದಿಂದ ಬಂದ ಕಾಂಜಿ ಎಂಬ ಚಿಹ್ನೆಗಳು ನಿತ್ಯಬಳಕೆಗೇ 2136 ಎಂದು 2010ರ ಸರಕಾರೀ ಪಟ್ಟಿಯಲ್ಲಿವೆ. ಇಲ್ಲಿ ಕನ್ನಡದ ನೆರವಿಲ್ಲ, ತಾಳ್ಮೆಯೊಂದೇ ಗತಿ. ಭಾಷಾಪರೀಕ್ಷೆಯಲ್ಲಿ ಎನ್ 5ರಿಂದ ಎನ್ 1ರ ವರೆಗೆ ಐದು ಮೆಟ್ಟಿಲುಗಳಿವೆ. ಎನ್ 5 ಎಲ್ಲಕ್ಕೂ ಕೆಳಗಿನದು. ಬೆಂಗಳೂರಿನಲ್ಲಿಯೂ ಈ ಪರೀಕ್ಷೆ ನಡೆಯುವದು. ಶುಶ್ರೂಷೆಯ ಕೆಲಸಕ್ಕೆ ಎನ್ 4ರಷ್ಟಾದರೂ ಭಾಷಾಜ್ಞಾನ ಬೇಕು. ಅದರ ಮೇಲೆ ಆ ಕೆಲಸದ ಪರೀಕ್ಷೆಗಳು ಬೇರೆ ಇವೆ. ಆದುದರಿಂದ, ಭಾಷೆ ಬೇಕಿಲ್ಲ, ಹಣ ಕೊಟ್ಟರೆ ಸಾಕು ಎನ್ನುವವರ ಮಾತಿಗೆ ಪಾಲಕರು ಎಂದೂ ಕಿವಿಗೊಡಬಾರದು.

ಆ ತಂದೆಗೆ ನಾವು ಹೇಳಿದ್ದು ಇಷ್ಟೇ: "ನಿಮ್ಮ ಮಗಳು ಬರಿಗೈಯಿಂದ ಹೊರಡುವದಿಲ್ಲ. ಅವಳ ಬಾಯಲ್ಲಿರುವ ಕನ್ನಡವೇ ಅವಳ ಮೊದಲ ಪಾಠಪುಸ್ತಕ." ಹಳೆಯ ವಿದ್ಯಾರ್ಥಿನಿಯರೇ, ಕನ್ನಡದಲ್ಲಿ ಕಲಿತೆವೆಂದು ತಲೆ ತಗ್ಗಿಸುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ಮಾತು ನಿಮಗೂ ಸಲ್ಲುವದು.