ಶಾಸಕರ ಮತ ದಾಖಲೆ ಮತ್ತು ಸೈದ್ಧಾಂತಿಕ ನಿಲುವು: ನಾಗರಿಕರಿಗೆ ಮಾಹಿತಿ

ಶಾಸಕರು ಸದನದಲ್ಲಿ ಯಾರೊಂದಿಗೆ ಎಷ್ಟು ಬಾರಿ ಒಂದೇ ಕಡೆಗೆ ಮತ ನೀಡಿದರೆಂದು ಹೋಲಿಸಿ, ಅವರ ನಿಲುವನ್ನು ಒಂದು ರೇಖೆಯ ಮೇಲೆ ಗುರುತಿಸುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದ ಕೀತ್ ಪೂಲ್ ಮತ್ತು ಹೊವಾರ್ಡ್ ರೋಸೆಂಥಾಲ್ ರೂಪಿಸಿದರು. ಹಲವು ಅವಧಿಗಳಿಗೆ ಮುಂದುವರಿದ ಸದಸ್ಯರ ಮತಗಳಿಂದ ಕಾಲಾನುಕ್ರಮದ ಬದಲಾವಣೆಯನ್ನೂ ಅಳೆಯಲಾಗುತ್ತದೆ.

ಕರ್ನಾಟಕ ವಿಧಾನಸಭೆಗೆ ಈ ವಿಧಾನವನ್ನು ಯಥಾವತ್ತಾಗಿ ಅನ್ವಯಿಸಲಾಗದು. ಕಾರಣಗಳು ಈ ಕೆಳಕಂಡಂತಿವೆ:

1. ಬಹುತೇಕ ವಿಧೇಯಕಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ; ಸದಸ್ಯವಾರು ಮತ ದಾಖಲಾಗುವುದಿಲ್ಲ.

2. 1985ರಲ್ಲಿ ಸಂವಿಧಾನಕ್ಕೆ ಸೇರಿಸಲಾದ ಹತ್ತನೇ ಅನುಸೂಚಿಯನ್ವಯ, ಪೂರ್ವಾನುಮತಿಯಿಲ್ಲದೆ ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ನೀಡಿದ ಸದಸ್ಯರು, ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದಲ್ಲಿ, ಅನರ್ಹತೆಗೆ ಒಳಗಾಗುತ್ತಾರೆ.

2019ರ ಜುಲೈ 23ರ ವಿಶ್ವಾಸಮತದಲ್ಲಿ ಸರ್ಕಾರದ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಂದವು. ಆ ತಿಂಗಳು ಅನರ್ಹಗೊಂಡ 17 ಶಾಸಕರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ವಿಜಯನಗರ ಕ್ಷೇತ್ರದವರೂ ಇದ್ದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರು ಬೇರೆ ಪಕ್ಷದಿಂದ ಆಯ್ಕೆಯಾದರು. ಇಂತಹ ಸಂದರ್ಭದಲ್ಲಿ ಬದಲಾದದ್ದು ವಿಚಾರವೋ ಪಕ್ಷವೋ ಎಂಬುದನ್ನು ಮತ ದಾಖಲೆಯೊಂದರಿಂದಲೇ ನಿರ್ಣಯಿಸಲಾಗದು.

ಆದುದರಿಂದ ಕೊಳಗಲ್ಲು ಮುಂತಾದ ಗ್ರಾಮಗಳ ಮತದಾರರು ತಮ್ಮ ಶಾಸಕರ ನಿಲುವನ್ನು ತಿಳಿಯಬಯಸಿದಲ್ಲಿ, ಅವರ ಪ್ರಶ್ನೆಗಳನ್ನೂ ಭಾಷಣಗಳನ್ನೂ ಸದನದ ನಡವಳಿಗಳಲ್ಲಿ ವರ್ಷವಾರು ಪರಿಶೀಲಿಸುವುದು ಸೂಕ್ತ. ಇದಕ್ಕಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಬಹುದಾಗಿದೆ.