ಹಾಡಿಗೆ ಮರಳಿದವರು

ಸ್ವೀಡನ್ನಿನ ಪುರಾತನ ಕಥನಗೀತೆಗಳಲ್ಲಿ ‘ಸ್ವೆನ್ ಇ ರೂಸೆನ್‌ಗೋರ್ಡ್’ ಎಂಬುದೊಂದುಂಟು. ಹಾಡೆಲ್ಲ ತಾಯಿ ಮಗನ ಸಂವಾದ. ಇಷ್ಟು ಹೊತ್ತು ಎಲ್ಲಿದ್ದೆಯೆಂದು ತಾಯಿ ಕೇಳುತ್ತಾಳೆ. ಮಗ ಏನನ್ನೋ ಹೇಳಿ ಜಾರಿಕೊಳ್ಳುತ್ತಾನೆ. ಆಕೆ ರಕ್ತದ ಕಲೆಯನ್ನು ಕಂಡು ಮತ್ತೆ ಮತ್ತೆ ಕೇಳಿದಾಗ, ಒಡಹುಟ್ಟಿದವನನ್ನೇ ಕೊಂದು ಬಂದ ಸಂಗತಿ ಹೊರಬೀಳುತ್ತದೆ. ದೇಶ ಬಿಟ್ಟು ಹೊರಟ ಮಗನನ್ನು ಎಂದು ಮರಳುವೆಯೆಂದು ಕೇಳಿದರೆ, ಕಾಡುಕಾಗೆ ಬೆಳ್ಳಗಾಗುವ ದಿನವನ್ನು ಅವನು ಹೆಸರಿಸುತ್ತಾನೆ. ಮರಳಿ ಬಂದವರ ಧ್ವನಿಮುದ್ರಿಕೆಯೊಂದರಲ್ಲಿ ನಾನು ಈ ಹಾಡನ್ನು ಕೇಳಿದ್ದು ಒಂದು ವಿನೋದವೇ ಸರಿ.

ಮರಳಿ ಬಂದವರು ‘ಗಾರ್ಮಾರ್ನಾ’ ಎಂಬ ವಾದ್ಯವೃಂದದವರು. ನಾರ್ಸ್ ಪುರಾಣದಲ್ಲಿ ಮೃತ್ಯುಲೋಕದ ಬಾಗಿಲನ್ನು ಕಾಯುವ ಗಾರ್ಮ್ ಎಂಬ ನಾಯಿಯಿಂದ ಬಂದ ಹೆಸರು. ‘ಹ್ಯಾಮ್ಲೆಟ್’ ನಾಟಕದ ಪ್ರಯೋಗವೊಂದರಲ್ಲಿ ಹಳೆಯ ಸ್ವೀಡಿಷ್ ಸಂಗೀತವನ್ನು ಕೇಳಿ ಮನಸೋತ ಮೂವರು ತರುಣರು 1990ರಲ್ಲಿ ಇದನ್ನು ಕಟ್ಟಿದರು. ಕೆಲವು ವರ್ಷಗಳಲ್ಲಿ ಗಾಯಕಿ ಎಮ್ಮಾ ಹೆರ್ಡೆಲಿನ್ ಬಂದು ಸೇರಿದರು. ಆಕೆ ಪಿಟೀಲುವಾದಕರ ಮನೆತನದವರು. 1996ರ ‘ಗೂಡ್ಸ್ ಸ್ಪೇಲೆಮೆನ್’, ಎಂದರೆ ‘ದೇವರ ವಾದಕರು’, ಇವರಿಗೆ ದೊಡ್ಡ ಹೆಸರನ್ನು ತಂದಿತು. ಗುಡ್ಡದ ರಕ್ಕಸಿಯೊಬ್ಬಳು ಉಡುಗೊರೆಗಳ ಆಸೆ ತೋರಿಸಿ ವೀರನೊಬ್ಬನನ್ನು ವರಿಸಲು ಬರುವ ‘ಹೆರ್ ಮಾನ್ನೆಲಿಗ್’ ಅದರಲ್ಲಿದೆ. 2001ರಲ್ಲಿ ಹನ್ನೆರಡನೆಯ ಶತಮಾನದ ಜರ್ಮನ್ ಸಂನ್ಯಾಸಿನಿ ಹಿಲ್ಡೆಗಾರ್ಡಳ ಕೃತಿಗಳನ್ನು ಹಾಡಿ ಮುದ್ರಿಸಿದರು. ಅನಂತರ ಹದಿನೈದು ವರ್ಷ ಹೊಸ ಮುದ್ರಿಕೆಯೇ ಇಲ್ಲ.

2016ರಲ್ಲಿ ಹೊರಬಂದ ‘6’ ಎಂಬ ಮುದ್ರಿಕೆಯನ್ನು ನಾನು ಆತುರದಿಂದ ಕೇಳಿ, ಅಷ್ಟೇ ಆತುರದಿಂದ ನಿರಾಶನಾದೆ. ಅದರಲ್ಲಿ ವಿದ್ಯುನ್ಮಾನದ ನಾದ ಮುಂದಾಗಿ, ಹಳೆಯ ಕಥನಗೀತೆಗಳು ಹಿಂದೆ ಸರಿದಿದ್ದವು. ಇವರ ಕಾಲ ಮುಗಿಯಿತೆಂದು ಮಿತ್ರರೊಡನೆ ಆಡಿಯೂಬಿಟ್ಟೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದು 2020ರ ನವೆಂಬರಿನಲ್ಲಿ ಬಂದ ‘ಫೊರ್ಬುಂಡೆಟ್’. ‘ಒಡಂಬಡಿಕೆ’ ಎಂದು ಅರ್ಥ. ವೃಂದ ಮರಳಿದ್ದು ಮೊದಲಿನದರಲ್ಲಾದರೆ, ಹಾಡು ಮರಳಿದ್ದು ಇದರಲ್ಲಿ.

ಇದರಲ್ಲಿ ‘ಇಬ್ಬರು ಸೋದರಿಯರು’ ಎಂಬ ಕಥನಗೀತೆಯೂ ಇದೆ. ಆ ಕಥೆ ಯೂರೋಪಿನ ಉತ್ತರದಲ್ಲೆಲ್ಲ ಹಬ್ಬಿದ್ದು. ವರನು ತಂಗಿಯನ್ನು ಮೆಚ್ಚಿದನೆಂಬ ಹೊಟ್ಟೆಕಿಚ್ಚಿನಿಂದ ಅಕ್ಕ ಅವಳನ್ನು ನೀರಿಗೆ ನೂಕುತ್ತಾಳೆ. ದಡಕ್ಕೆ ಬಂದ ಹೆಣದಿಂದ ವಾದಕನೊಬ್ಬ ಹಾರ್ಪ್ ವಾದ್ಯವನ್ನು ಮಾಡಿ, ಅವಳ ಕೂದಲನ್ನೇ ತಂತಿಯಾಗಿ ಬಿಗಿಯುತ್ತಾನೆ. ಅಕ್ಕನ ಮದುವೆಯ ಮನೆಯಲ್ಲಿ ಆ ವಾದ್ಯ ತಾನಾಗಿ ನಿಜವನ್ನು ನುಡಿಯುತ್ತದೆ. ಸ್ವೀಡಿಷ್ ಪಾಠವೊಂದರಲ್ಲಿ ಪ್ರತಿ ನುಡಿಗೂ ಬರುವ ಪಲ್ಲವಿ ಕಡಲಿನ ಚಳಿಗಾಳಿಯನ್ನು ಕುರಿತದ್ದು. ಮೊದಲು ಅದು ಕೇವಲ ಹವೆಯ ವರ್ಣನೆ. ಅಕ್ಕತಂಗಿಯರು ದಡಕ್ಕೆ ಬಂದಾಗ ಅದೇ ಮಾತು ಭಯ ಹುಟ್ಟಿಸುತ್ತದೆ. ಮದುವೆಯ ಮನೆಯಲ್ಲಿ ಅದು ತೀರ್ಪಿನಂತೆ ಕೇಳುತ್ತದೆ. ಬದಲಾದದ್ದು ಒಂದಕ್ಷರವೂ ಇಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ತರಗತಿಯಲ್ಲಿ ಕಥನಗೀತೆಗಳನ್ನು ಪಾಠ ಹೇಳುವಾಗ ನಾನು ಪಲ್ಲವಿಯನ್ನು ಒಮ್ಮೆ ಓದಿ, ಮುಂದಿನ ನುಡಿಗಳಲ್ಲಿ ಬಿಟ್ಟುಬಿಡುತ್ತಿದ್ದೆ. ಕಥೆ ಮುಂದೆ ಸಾಗಲೆಂಬ ಆತುರ. ಗಂಟೆ ಬಾರಿಸುವುದರೊಳಗೆ ಪದ್ಯ ಮುಗಿಯಬೇಕಲ್ಲ! ಎಷ್ಟು ವರ್ಷದ ವಿದ್ಯಾರ್ಥಿಗಳು ನನ್ನಿಂದ ಅರ್ಧ ಹಾಡನ್ನು ಮಾತ್ರ ಪಡೆದು ಹೋದರೋ ತಿಳಿಯದು.

ಹೆರ್ಡೆಲಿನ್ ಅವರ ಕಂಠ ಈ ಹಾಡುಗಳಿಗೆಂದೇ ಹುಟ್ಟಿದಂತಿದೆ. ಆಕೆ ಅಳುವುದಿಲ್ಲ, ಅಭಿನಯಿಸುವುದಿಲ್ಲ. ಕೊಲೆಯನ್ನೂ ಮದುವೆಯನ್ನೂ ಒಂದೇ ಸಮನಾದ ನೇರ ಧ್ವನಿಯಲ್ಲಿ ಹೇಳಿಬಿಡುತ್ತಾರೆ. ಕಥೆ ಗಾಯಕಿಯದಲ್ಲ, ಆಕೆಯ ಮೂಲಕ ಹಾದುಹೋಗುತ್ತಿರುವುದು ಎಂಬ ವಿನಯ ಅದು. ಭಾವದ ಭಾರವನ್ನು ಹೊರುವುದು ವಾದ್ಯಗಳು. ಈ ವೃಂದದವರ ಹಳೆಯ ಸಂಗಾತಿ ‘ವೇವ್‌ಲೀರಾ’ ಎಂಬ ವಾದ್ಯ: ಹಿಡಿಯನ್ನು ತಿರುಗಿಸಿದರೆ ಮರದ ಚಕ್ರವೊಂದು ತಂತಿಗಳನ್ನು ಉಜ್ಜುತ್ತದೆ, ಕೆಲವು ತಂತಿಗಳು ನಮ್ಮ ತಂಬೂರಿಯಂತೆ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ. ಆ ನಿಂತ ಸ್ವರಕ್ಕೂ ವಿದ್ಯುತ್ ಗಿಟಾರಿನ ದೀರ್ಘನಾದಕ್ಕೂ ಬಂಧುತ್ವವಿದೆಯೆಂದು ಕಂಡುಕೊಂಡದ್ದೇ ಇವರ ಜಾಣತನ. ಕೆಲವೆಡೆ ತಾಳವಾದ್ಯದ ಅಬ್ಬರ ಹೆಚ್ಚಾಯಿತೆಂಬ ದೂರು ನನ್ನದೂ ಇದೆ; ದೈತ್ಯರನ್ನು ಸಂಹರಿಸುವ ‘ರಾಮುಂಡೆರ್’ ಗೀತೆಯ ಹಳ್ಳಿಗಾಡಿನ ನಗೆ ಆ ಗದ್ದಲದಲ್ಲಿ ಅಡಗಿಹೋಗಿದೆ.

‘ಸ್ವೆನ್’ನ ಹಾಡಿಗೆ ಅಂಥ ಅಪಾಯವೇನೂ ಆಗಿಲ್ಲ. ಕೊಲೆ ಏಕೆ ನಡೆಯಿತೆಂದು ಅದು ಹೇಳುವುದೇ ಇಲ್ಲ. ಕಳೆದ ಸಲ ತರಗತಿಯಲ್ಲಿ ಅದರ ಕಥೆಯನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಕಾರಣವೇನು ಸಾರ್ ಎಂದು ಕೇಳಿದ. ನಾನು ಉತ್ತರ ಕೊಡದೆ ಹಾಡನ್ನು ಕೇಳಿಸಿದೆ, ಪಲ್ಲವಿಗಳ ಸಮೇತ. ಅಷ್ಟರಲ್ಲಿ ಗಂಟೆ ಬಾರಿಸಿತು; ಹುಡುಗರು ಎದ್ದು ಹೋಗಲಿಲ್ಲ.